ಹೋಟೆಲಿನವರ ಮಗು ಸೊರಗಿದ ಬಗ್ಗೆ

ಹೆಸರು: ವಿನೋದಾ, ಗಂಡನ ಹೆಸರು ಸದಾನಂದ. ವಯಸ್ಸು: ಇಪ್ಪತ್ತನಾಲ್ಕು. ವಿದ್ಯಾಭ್ಯಾಸ: ಬಿ.ಎ. ಉದ್ಯೋಗ: ಮನೆಗೆಲಸ. ವಾಸ: ಪುರಸೈವಾಕ್ಕಂ, ಮದ್ರಾಸು, ನಮ್ಮ ಮಾವನವರ ಸಸ್ಯಾಹಾರಿ ಹೋಟೆಲಿನ ಮಹಡಿ. ಸದ್ಯಕ್ಕೆ ಇರುವುದು: ಕೀಲ್ಪಾಕ್‌ನ ಆಸ್ಪತ್ರೆ, ಮಕ್ಕಳ ವಾರ್ಡು, ಕಿಟಕಿಯ ಪಕ್ಕದ ಮಂಚ.

ಠಾಣೆಯವರು ಕೇಳಿದ್ದಕ್ಕೆ ಉತ್ತರವಾಗಿ ನಾನು ತಿಳಿಯಪಡಿಸುವುದು ಏನೆಂದರೆ, ನನ್ನ ಮಾವ ಐತಪ್ಪನವರು ಇದೇ ಸೆಪ್ಟೆಂಬರ್ ಮೂರನೇ ತಾರೀಕು ಸೋಮವಾರ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಎರಡು ವರ್ಷ ಮೂರು ತಿಂಗಳಿನ ನನ್ನ ಮಗಳು ಬೇಬಿ ಗುಂಡುಗುಂಡಾಗಿ ಆರೋಗ್ಯವಾಗಿದ್ದಳು, ಅವಳನ್ನು ನಾನು ಮನೆಯಲ್ಲಿ ಯಾರಿಗೂ ಹೇಳದೆ ಎತ್ತಿಕೊಂಡು ಹೋಗಿ ಉಪವಾಸ ಕೆಡವಿ ಎಲುಬು ಮಾಡಿದ್ದೇನೆ, ಬಾಣಂತನ ಆದಾಗಿನಿಂದ ನನ್ನ ಬುದ್ಧಿ ಸ್ತಿಮಿತದಲ್ಲಿಲ್ಲ, ಆದ್ದರಿಂದ ಬೇಬಿಯನ್ನೂ ಮೂರು ತಿಂಗಳ ಗಂಡುಮಗು ತಿರುಮಲೇಶನನ್ನೂ ನನ್ನ ಕೈಯಿಂದ ಬಿಡಿಸಿ ನನ್ನ ಅತ್ತೆ ಅಂಬುಜಾ ಅವರಿಗೆ ಒಪ್ಪಿಸಬೇಕು ಎಂದು ದೂರಿನಲ್ಲಿ ಇದೆ. ಸಾಕ್ಷಿಯೆಂದು ನನ್ನ ಗಂಡ ಸಹಿ ಹಾಕಿದ್ದಾರೆ. ಬೇಬಿ ಆರೋಗ್ಯವಾಗಿದ್ದಳು ಎಂಬುದಕ್ಕೆ ಒಂದು ಫೋಟೋ ಲಗತ್ತಿಸಿದ್ದಾರೆ.

ನನಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬಾರದು ಎಂದು ಸಬ್ ಇನ್ಸ್‌ಪೆಕ್ಟರ್ ಅವರಿಗೆ ಹೇಳಿದೆ. ನಿಮ್ಮ ಭಾಷೆಯಲ್ಲೇ ಬರೆಯಮ್ಮಾ, ತರ್ಜುಮೆ ಮಾಡಿಸಿಕೊಳ್ಳುತ್ತೇವೆ, ಆದರೆ ಕತೆ ಬರೆಯಬೇಡ, ನಡೆದದ್ದನ್ನು ನಡೆದ ಸಾಲಿನಲ್ಲಿ ಬರೆ ಎಂದರು. ಹಾಗೆಯೇ ಬರೆಯುತ್ತೇನೆ. ಮೂರು ತಿಂಗಳಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಆದರೆ ನಿದ್ದೆ ಇಲ್ಲದವರಿಗೆ ತಾರೀಕು ಮರೆಯುವುದಿಲ್ಲ.

ನಾವು ಮೂಲತಃ ಮಂಗಳೂರು ಕಡೆಯವರು, ಮನೆಮಾತು ತುಳು. ಮನೆಯವರು ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಹೋಟೆಲು ಮಾವ ಶುರು ಮಾಡಿದ್ದು, ಇಪ್ಪತ್ತು ವರ್ಷದ ಮೇಲಾಯಿತು. ಕೆಳಗೆ ಹೋಟೆಲು, ಮೇಲೆ ನಾವು. ಮಹಡಿಯಲ್ಲಿ ಅಡುಗೆ ಮಾಡುವ ಪದ್ಧತಿ ಇಲ್ಲ. ಒಂದು ಸೀಮೆಎಣ್ಣೆ ಸ್ಟೌ ಇದೆ, ನೀರು ಕಾಯಿಸುವುದಕ್ಕೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿಗೆ ಉಳಿದದ್ದು, ಎಲ್ಲವೂ ಕೆಳಗಿನಿಂದ ಕ್ಯಾರಿಯರಿನಲ್ಲಿ ಬರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಕಾಲೇಜಿನ ಗೆಳತಿಯರು, ನಿನಗೆ ಎಂತ ಮಾರಾಯ್ತಿ, ಒಲೆ ಊದುವ ಕೆಲಸ ಇಲ್ಲ, ಮೂರು ಹೊತ್ತೂ ಮಸಾಲೆ ದೋಸೆ ಎಂದು ತಮಾಷೆ ಮಾಡಿದ್ದರು.

ಊರಿನಲ್ಲಿ ನಾವು ಮೀನು ತಿನ್ನುವ ಜನ. ಮಾವನವರಿಗೂ ಊರಿಗೆ ಹೋದರೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಮದ್ರಾಸಿನಲ್ಲಿ ಮಾತ್ರ ಮೀನು, ಮೊಟ್ಟೆ ಎರಡೂ ನಮ್ಮ ಮೆಟ್ಟಲು ಹತ್ತಬಾರದು. ಸಸ್ಯಾಹಾರಿ ಹೋಟೆಲಿನ ಮಹಡಿಯಿಂದ ಒಂದು ದಿನ ವಾಸನೆ ಬಂದರೂ ಮರುದಿನ ಗಿರಾಕಿ ಇರುವುದಿಲ್ಲ ಎಂದು ಮಾವ ಹೇಳುತ್ತಾರೆ. ನಮ್ಮ ಕಡೆಯ ಹೋಟೆಲು ಎಂದರೆ ಬ್ರಾಹ್ಮಣರದ್ದೇ ಎಂದು ಇಲ್ಲಿನವರು ತಿಳಿದಿದ್ದಾರೆ. ನಾವು ಬ್ರಾಹ್ಮಣರೆಂದು ಮಾವ ಯಾರಿಗೂ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ. ಇದನ್ನು ಬರೆದರೆ ಹೋಟೆಲಿಗೆ ಏನಾಗಬಹುದು ಎಂದು ನನಗೆ ಗೊತ್ತಿದೆ. ಗೊತ್ತಿದ್ದೇ ಬರೆದಿದ್ದೇನೆ.

ಮಂಗಳವಾರ ಹೋಟೆಲಿಗೆ ರಜೆ. ಆ ದಿನ ಮಾವನೂ ನನ್ನ ಗಂಡನೂ ಎಗ್ಮೋರಿನಲ್ಲಿ ಎಲೆಕ್ಟ್ರಿಕ್ ಟ್ರೈನು ಹತ್ತಿ ಕ್ರೋಂಪೇಟೆಗೆ ಹೋಗುತ್ತಾರೆ. ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿರುವ ಕಾಂತಪ್ಪ ಎಂಬ ಊರಿನವರ ಮನೆ ಇದೆ. ಊರ ಸುದ್ದಿ ಮಾತಾಡಿ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. ಸಂಜೆ ಬಂದಾಗ ಇಬ್ಬರ ಕೈಯಲ್ಲೂ ನಿಂಬೆ ಸಿಪ್ಪೆ ತಿಕ್ಕಿದ ವಾಸನೆ, ಅದರ ಅಡಿಯಲ್ಲಿ ಬಂಗುಡೆ ಮೀನಿನ ವಾಸನೆ. ನನ್ನ ಗಂಡ ಎತ್ತಿಕೊಂಡರೆ ಬೇಬಿ ಅವರ ಬೆರಳುಗಳನ್ನು ಹಿಡಿದು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಅಪ್ಪನ ಮೇಲೆ ಎಷ್ಟು ಪ್ರೀತಿ ನೋಡು ಎಂದು ಅತ್ತೆ ನಗುತ್ತಿದ್ದರು. ಅತ್ತೆಗೂ ನನಗೂ ಕ್ರೋಂಪೇಟೆ ಇಲ್ಲ.

ಕಳೆದ ವರ್ಷ ನವೆಂಬರಿನಲ್ಲಿ ನಾನು ಎರಡನೆಯ ಸಲ ಬಸುರಿ ಎಂದು ಖಚಿತವಾಯಿತು. ಆಗ ಬೇಬಿಗೆ ಒಂದು ವರ್ಷ ಐದು ತಿಂಗಳು, ಎದೆಹಾಲು ಕುಡಿಯುತ್ತಿದ್ದಳು. ಬಸುರಿಯ ಹಾಲು ನಂಜು ಎಂದು ಅತ್ತೆ ಅಂದೇ ಬಿಡಿಸಿದರು. ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿದರು. ಮೂರು ದಿನ ಅತ್ತಳು, ಆಮೇಲೆ ಬಿಟ್ಟಳು. ಹಾಲಿನ ಬದಲು ಅವಳಿಗೆ ಏನು ಕೊಡುವುದು ಎಂಬ ಮಾತು ಮನೆಯಲ್ಲಿ ಬರಲಿಲ್ಲ. ಹೋಟೆಲಿನವರ ಮಗುವಿಗೆ ಏನು ಕಡಿಮೆ ಎಂದು ಎಲ್ಲರೂ ತಿಳಿದಿದ್ದರು.

ಈ ವರ್ಷ ಫೆಬ್ರವರಿಯಲ್ಲಿ ಬೇಬಿಗೆ ದಡಾರ ಎದ್ದಿತು. ಇಳಿದ ಮೇಲೆ ಭೇದಿ ಹಿಡಿಯಿತು. ಅತ್ತೆ ಪಥ್ಯ ಹಾಕಿದರು. ಬೇಳೆ ವಾಯು, ಹಾಲು ಕಫ, ಕಡಲೆ ಹೊಟ್ಟೆಗೆ ಕಲ್ಲು. ಕೊಡುವುದು ಗಂಜಿಯ ತಿಳಿ, ಸಕ್ಕರೆ ಹಾಕಿ ಕಾಯಿಸಿದ ಕೂವೆ ಗೆಡ್ಡೆಯ ಹುಡಿ, ಸಕ್ಕರೆಯಲ್ಲಿ ಅದ್ದಿದ ಇಡ್ಲಿ, ಅನ್ನಕ್ಕೆ ಸಾರಿನ ಮೇಲಿನ ತಿಳಿ. ಭೇದಿ ಇಪ್ಪತ್ತು ದಿನದಲ್ಲಿ ನಿಂತಿತು. ಪಥ್ಯ ನಿಲ್ಲಲಿಲ್ಲ. ಮಗು ಇದನ್ನು ಸುಮ್ಮನೆ ತಿನ್ನುತ್ತದೆ, ಯಾಕೆ ಬದಲಿಸುವುದು ಎಂದರು ಅತ್ತೆ. ಸ್ವಲ್ಪ ಬೇಳೆ ಹಿಸುಕಿ ಕೊಡೋಣವೇ ಎಂದು ನಾನು ಕೇಳಿದೆ. ನಾನು ನಾಲ್ಕು ಹೆತ್ತವಳು, ನೀನು ಪುಸ್ತಕ ಹೆತ್ತವಳು ಎಂದರು. ನಮ್ಮ ಹೋಟೆಲಿನ ಉಗ್ರಾಣದಲ್ಲಿ ಬೇಳೆಯ ಮೂಟೆಗಳು ಇರುವುದು ಬೇಬಿ ಮಲಗುವ ಕೋಣೆಯ ನೇರ ಕೆಳಗೆ.

ಜೂನ್ ಒಂಬತ್ತನೇ ತಾರೀಕು ಗಂಡುಮಗು ಹುಟ್ಟಿತು. ನನ್ನ ತಾಯಿ ಇಲ್ಲ, ಆದ್ದರಿಂದ ಬಾಣಂತನ ಇಲ್ಲೇ. ನಲವತ್ತು ದಿನ ನಾನು ಹಿಂದಿನ ಕೋಣೆಯಲ್ಲಿ. ಬೇಬಿ ಮುಟ್ಟಬಾರದು, ಅತ್ತೆಯ ಜೊತೆ ಮಲಗುವುದು. ಮಾವ ಕೆಳಗಿನ ಅಡುಗೆಯವರಿಗೆ ಹೇಳಿ ನನಗೆ ಬೆಳ್ಳುಳ್ಳಿ, ತುಪ್ಪ, ಮೆಂತ್ಯದ ಗಂಜಿ, ದಿನಕ್ಕೆ ಎರಡು ಲೋಟ ಹಾಲು ಕಳಿಸಿದರು. ಗಂಡು ಹೆತ್ತ ಬಾಣಂತಿ ಎಂದು ಒಂದಕ್ಕೂ ಕಡಿಮೆ ಮಾಡಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಬೇಬಿ ಬಾಗಿಲ ಹೊರಗೆ ಕುಳಿತು ನನ್ನ ಲೋಟವನ್ನು ನೋಡುತ್ತಿದ್ದಳು. ನಾನು ಲೋಟ ಚಾಚಿದರೆ ಅತ್ತೆ, ಬಾಣಂತಿಯ ಎಂಜಲು ಮಗುವಿಗೆ ಕೊಡ್ತೀಯಾ ಎಂದು ಅವಳನ್ನು ಎತ್ತಿಕೊಂಡು ಹೋಗುತ್ತಿದ್ದರು.

ಆ ದಿನಗಳಲ್ಲೇ ಬೇಬಿ ಗುಂಡಗಾಗುತ್ತ ಬಂದಳು. ಕೆನ್ನೆ ತುಂಬಿತು, ಪಾದ ತುಂಬಿತು, ಕಣ್ಣು ಸಣ್ಣದಾಯಿತು. ಕರಿಯ ಕೂದಲು ಕೆಂಚಗಾಯಿತು. ನಮ್ಮಲ್ಲಿ ಒಬ್ಬಳು ದೊರೆಸಾನಿ ಹುಟ್ಟಿದ್ದಾಳೆ ಎಂದು ಅತ್ತೆ ಹೇಳಿದರು. ಮಾವ ಅವಳನ್ನು ಕೆಳಗೆ ಗಲ್ಲಾದ ಪಕ್ಕ ಕೂರಿಸಿಕೊಳ್ಳಲು ಶುರು ಮಾಡಿದರು. ಬಿಲ್ಲು ಕೊಡಲು ಬಂದ ಗಿರಾಕಿಗಳು ಕೆನ್ನೆ ಹಿಂಡಿ, ಕೊಳುಕ್ಕ್ ಮೊಳುಕ್ಕ್ ಎಂದು ತಮಿಳಿನಲ್ಲಿ ಮುದ್ದು ಮಾಡುವರು. ಎನ್ನ ಸಾರ್, ಕೆಳಗೆ ನಮಗೆ ತೆಳ್ಳಗಿನ ಸಾಂಬಾರು, ತುಪ್ಪ ಎಲ್ಲಾ ಮೊಮ್ಮಗಳಿಗಾ ಎಂದು ಒಬ್ಬರು ಕೇಳಿದ್ದಕ್ಕೆ ಮಾವ ಹೊಟ್ಟೆ ಹಿಡಿದು ನಕ್ಕರಂತೆ. ಇದನ್ನು ಅವರೇ ಮೇಲೆ ಬಂದು ಹೇಳಿದರು. ಬೆಳ್ಳಿಯ ಕಾಲ್ಗೆಜ್ಜೆ ಬಿಗಿಯಾಯಿತು. ಅಕ್ಕಸಾಲಿಗರ ಬಳಿ ಕೊಟ್ಟು ಎರಡು ಕೊಂಡಿ ಸೇರಿಸಿಕೊಂಡು ಬಂದರು.

ಕೋಣೆಯಿಂದ ಹೊರಗೆ ಬಂದ ಮೇಲೆ ನಾನು ಗಮನಿಸಿದ್ದು ಬೇರೆ. ಬೇಬಿ ಆಡುತ್ತಿರಲಿಲ್ಲ. ಎಲ್ಲಿ ಕೂರಿಸಿದರೆ ಅಲ್ಲಿ ಇರುವಳು. ಹಸಿವೆಂದು ಕೇಳುತ್ತಿರಲಿಲ್ಲ, ತಮ್ಮನನ್ನು ಎತ್ತಿಕೊಂಡರೆ ಹೊಟ್ಟೆಕಿಚ್ಚು ಪಡುತ್ತಿರಲಿಲ್ಲ, ನೊಣ ಮುಖದ ಮೇಲೆ ಕೂತರೆ ಓಡಿಸುತ್ತಿರಲಿಲ್ಲ. ಇಷ್ಟು ಒಳ್ಳೆಯ ಮಗು ಈ ಬೀದಿಯಲ್ಲೇ ಇಲ್ಲ ಎಂದು ಅತ್ತೆ ಹೇಳಿದರು.

ಆಗಸ್ಟಿನಲ್ಲಿ ಅಷ್ಟಮಿಯ ದಿನ ಬೇಬಿಗೆ ಕೃಷ್ಣನ ವೇಷ ಹಾಕಿ ಸ್ಟುಡಿಯೋಗೆ ಕರೆದುಕೊಂಡು ಹೋದರು. ದೂರಿನ ಜೊತೆ ಇರುವುದು ಆ ಫೋಟೋ. ತಲೆಗೆ ನವಿಲುಗರಿ, ಕೈಯಲ್ಲಿ ಬೆಣ್ಣೆಯ ಗಡಿಗೆ. ಗಡಿಗೆಯಲ್ಲಿ ಬೆಣ್ಣೆ ಇರಲಿಲ್ಲ, ಹತ್ತಿ ತುಂಬಿದ್ದರು. ಫೋಟೋದವನು ನಗು ಪಾಪಾ, ನಗು ಎಂದು ಗಿಲಕಿ ಅಲ್ಲಾಡಿಸಿ ಸುಸ್ತಾದ. ಮನೆಗೆ ಬಂದು ವೇಷ ಬಿಚ್ಚುವಾಗ ಗೆಜ್ಜೆ ಇದ್ದ ಜಾಗದಲ್ಲಿ ಬಳೆಯಂಥ ಗುಂಡಿ ಬಿದ್ದಿತ್ತು. ಅದರ ಮೇಲೆ ಹೆಬ್ಬೆರಳು ಒತ್ತಿದೆ. ನಾದಿದ ಹಿಟ್ಟಿನಲ್ಲಿ ಬೆರಳು ಇಳಿದಂತೆ ಇಳಿಯಿತು. ಬೆರಳು ತೆಗೆದೆ. ಗುಂಡಿ ಹಾಗೆಯೇ ಉಳಿಯಿತು. ನನ್ನ ಗಂಡನನ್ನು ಕರೆದು ತೋರಿಸಿದೆ. ಮಕ್ಕಳ ಮೈ ಅಲ್ವಾ, ಮೆತ್ತಗೆ ಇರ್ತದೆ, ನೀನು ಸ್ವಲ್ಪ ಮಲಗು ಎಂದರು. ಮಾವನಿಗೆ ಹೇಳಿದಾಗ, ಬಿ.ಎ. ಓದಿದವಳು ಮಗುವಿನ ಕಾಲನ್ನು ಮಾವಿನಹಣ್ಣಿನ ಹಾಗೆ ಒತ್ತಿ ನೋಡ್ತಾಳೆ ಎಂದು ನಕ್ಕರು.

ಆಗಸ್ಟ್ ಇಪ್ಪತ್ತೊಂದು, ಮಂಗಳವಾರ. ಮಾವ, ಗಂಡ ಕ್ರೋಂಪೇಟೆಗೆ ಹೋಗಿದ್ದರು. ಬೇಬಿಯ ತೊಡೆಯ ಚರ್ಮ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದಿತ್ತು. ಆಸ್ಪತ್ರೆಗೆ ಹೋಗುತ್ತೇನೆ ಎಂದು ನಾನು ಅತ್ತೆಗೆ ಹೇಳಿದೆ. ಯಾರಿಗೂ ಹೇಳದೆ ಹೋದೆ ಎಂದು ದೂರಿನಲ್ಲಿ ಇರುವುದು ಸುಳ್ಳು. ಹೋಟೆಲಿನವರ ಮಗುವನ್ನು ಧರ್ಮಾಸ್ಪತ್ರೆಯ ಸಾಲಿನಲ್ಲಿ ಕೂರಿಸ್ತೀಯಾ, ಗಿರಾಕಿಗಳು ಯಾರಾದರೂ ಕಂಡರೆ ಎಂತ ಹೇಳುವುದು, ಗಂಡಸರು ಬರಲಿ ಎಂದರು ಅತ್ತೆ. ನಾನು ಇಬ್ಬರನ್ನೂ ಎತ್ತಿಕೊಂಡು ಸೈಕಲ್ ರಿಕ್ಷಾದಲ್ಲಿ ಕೀಲ್ಪಾಕ್‌ಗೆ ಹೋದೆ. ಎರಡು ಮೈಲಿಯೂ ಇಲ್ಲ.

ಡಾಕ್ಟರ್ ಜಯಲಕ್ಷ್ಮೀ ಎಂಬವರು ನೋಡಿದರು. ಅವರೂ ಕಾಲನ್ನೇ ಮೊದಲು ಒತ್ತಿದರು. ಮಗು ಏನು ತಿನ್ನುತ್ತದೆ ಎಂದು ಕೇಳಿದರು. ಹೇಳಿದೆ. ಹಾಲು, ಬೇಳೆ, ಮೊಟ್ಟೆ, ಮೀನು ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ ಎಂದೆ. ಗಂಡ ಏನು ಮಾಡುತ್ತಾರೆ ಎಂದು ಕೇಳಿದರು. ಹೋಟೆಲು ಎಂದೆ. ಹೋಟೆಲಿನಲ್ಲಿ ಕೆಲಸವಾ ಎಂದರು. ನಮ್ಮದೇ ಹೋಟೆಲು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಇದು ಗುಡಿಸಲಿನಿಂದ ಬರುವ ಮಕ್ಕಳಲ್ಲಿ ನಾವು ದಿನವೂ ನೋಡುವ ಕಾಯಿಲೆ, ಹೊಟ್ಟೆ ತುಂಬಿದೆ, ಮೈಗೆ ಏನೂ ಸಿಕ್ಕಿಲ್ಲ, ಇದು ಕೊಬ್ಬಲ್ಲ, ನೀರು ಎಂದರು. ಪ್ರೋಟೀನ್ ಇಲ್ಲದೆ ಹೀಗಾಗುತ್ತದೆ, ಇನ್ನು ಹದಿನೈದು ದಿನ ಬಿಟ್ಟು ತಂದಿದ್ದರೆ ನಾನು ಏನೂ ಮಾಡಲು ಆಗುತ್ತಿರಲಿಲ್ಲ ಎಂದೂ ಹೇಳಿದರು. ಅಂದೇ ಸೇರಿಸಿಕೊಂಡರು.

ಅವರು ಆಗಲೇ ಇನ್ನೊಂದು ಮಾತು ಹೇಳಿದ್ದರು. ಚಿಕಿತ್ಸೆ ಹಿಡಿದರೆ ಮಗು ಮೊದಲು ಸಣ್ಣಗಾಗುತ್ತದೆ, ನೀರು ಇಳಿಯುತ್ತದೆ, ಒಳಗೆ ನಿಜವಾಗಿ ಎಷ್ಟು ಮಗು ಉಳಿದಿದೆ ಎಂದು ಆಗ ಕಾಣುತ್ತದೆ, ಹೆದರಬೇಡ ಎಂದರು. ನಾನು ಈ ಮಾತನ್ನು ಅಂದು ಸಂಜೆ ಬಂದ ನನ್ನ ಗಂಡನಿಗೆ ಹಾಗೆಯೇ ಹೇಳಿದೆ. ಅವರು ಹೂಂ ಎಂದರು. ಮನೆಯಲ್ಲಿ ಹೇಳಿದರೋ ಇಲ್ಲವೋ ತಿಳಿಯದು.

ಮೊದಲ ದಿನಗಳಲ್ಲಿ ಚಮಚ ಚಮಚವಾಗಿ ಹಾಲು ಕೊಟ್ಟರು. ಭೇದಿಯಾಯಿತು. ಹಾಲು ಕಡಿಮೆ ಮಾಡಿ ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಟ್ಟರು. ಹುರಿಗಡಲೆ ನಮ್ಮ ಹೋಟೆಲಿನಲ್ಲಿ ದಿನವೂ ಚಟ್ನಿಗೆ ರುಬ್ಬುವ ಸಾಮಾನು. ನೀವು ಮೀನು ತಿನ್ನುವ ಜನ ಆದರೆ ಮೀನೂ ಕೊಡಿ ಎಂದು ಡಾಕ್ಟರು ಹೇಳಿದರು. ಪಕ್ಕದ ಮಂಚದ ಮಗುವಿನ ಅಜ್ಜಿ ರಾಯಪುರಂ ಕಡೆಯವರು, ಮನೆಯಿಂದ ಮೀನು ಕುಳಂಬು ತರುತ್ತಾರೆ. ಮುಳ್ಳು ಇಲ್ಲಮ್ಮಾ, ನಾನೇ ನೋಡಿದ್ದೇನೆ ಎಂದು ಒಂದು ತುತ್ತು ಅನ್ನದಲ್ಲಿ ಹಿಸುಕಿ ಕೊಟ್ಟರು. ಬೇಬಿ ಅದನ್ನು ನುಂಗಿ ಬಾಯಿ ತೆರೆದು ಕಾದಳು. ಅವಳು ಬಾಯಿ ತೆರೆದು ಕಾದದ್ದನ್ನು ನಾನು ಫೆಬ್ರವರಿಯ ನಂತರ ನೋಡಿರಲಿಲ್ಲ.

ನೀರು ಇಳಿಯಿತು. ಕೆನ್ನೆ ಹೋಯಿತು. ಪಕ್ಕೆಲುಬು ಕಂಡಿತು, ತೊಡೆಯ ಚರ್ಮ ದೊಡ್ಡವರ ಅಂಗಿ ಹಾಕಿದಂತೆ ಜೋಲು ಬಿತ್ತು. ಡಾಕ್ಟರು ಮೊದಲೇ ಹೇಳಿದ್ದರೂ ನೋಡಲು ನನಗೆ ಕಷ್ಟವಾಯಿತು. ಸೀರೆ ಹೊದಿಸಿ ಮಲಗಿಸುತ್ತಿದ್ದೆ.

ಸೆಪ್ಟೆಂಬರ್ ಒಂದನೇ ತಾರೀಕು ಶನಿವಾರ ನಾಲ್ಕು ಗಂಟೆಗೆ, ಹೊರಗಿನವರನ್ನು ಬಿಡುವ ಹೊತ್ತಿನಲ್ಲಿ, ಮಾವ, ಅತ್ತೆ, ನನ್ನ ಗಂಡ ಮೂವರೂ ಬಂದರು. ಅತ್ತೆ ಸೀರೆ ಸರಿಸಿದರು. ಇದು ಯಾರ ಮಗು ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ನಮ್ಮದೇ ಎಂದೆ. ಅತ್ತೆ ಮಂಚದ ಕಂಬಿ ಹಿಡಿದು ಅತ್ತರು. ಆ ಅಳು ಸುಳ್ಳಲ್ಲ, ಅದನ್ನೂ ಬರೆಯಬೇಕು. ತುಂಬಿದ ಕೊಡದ ಹಾಗೆ ಕಳಿಸಿದ್ದೆನಲ್ಲ ಮಾರಾಯ್ತಿ, ನೀನು ಎಂತ ಮಾಡಿದ್ದು ಎಂದರು. ನೀರೇ ತುಂಬಿತ್ತು ಅತ್ತೆ ಎಂದೆ. ಅವರು ಬೇಬಿಯ ಬಾಯಿಯ ಹತ್ತಿರ ಮೂಗು ತಂದು ಥಟ್ಟನೆ ನಿಂತರು. ಮೀನು ಕೊಟ್ಟಿದ್ದೀಯಾ ಎಂದರು. ಹೌದು ಎಂದೆ. ಮಾವ ಆಚೀಚೆ ನೋಡಿ ದನಿ ತಗ್ಗಿಸಿ, ಮೆಲ್ಲ ಮಾತಾಡು, ನಮ್ಮ ಗಿರಾಕಿಗಳಲ್ಲಿ ಈ ಆಸ್ಪತ್ರೆಯವರು ಎಷ್ಟು ಜನ ಉಂಟು ಗೊತ್ತುಂಟಾ ಎಂದರು. ನಾನು ಮೆಲ್ಲ ಮಾತಾಡಲಿಲ್ಲ. ಮಂಗಳವಾರ ನೀವು ತಿಂದು ಬರುವುದನ್ನೇ ಶನಿವಾರ ಅವಳು ತಿಂದಿದ್ದಾಳೆ ಎಂದೆ. ಪಕ್ಕದ ಮಂಚದ ಅಜ್ಜಿ ಭಾಷೆ ಬಾರದಿದ್ದರೂ ನಕ್ಕರು. ಮಾವನ ಮುಖ ಕಪ್ಪಾಯಿತು. ಇವಳ ತಲೆ ಸರಿಯಿಲ್ಲ ಎಂದು ಅವರು ಮೊದಲ ಸಲ ಹೇಳಿದ್ದು ಆಗ.

ಡಾಕ್ಟರನ್ನು ಕೇಳಿ ಎಂದೆ. ಡಾಕ್ಟರಿಗೆ ಎಂತ ಗೊತ್ತು, ಅವರು ಇವಳನ್ನು ಮೊದಲು ಕಂಡಿದ್ದಾರಾ ಎಂದು ಮಾವ ಜೇಬಿನಿಂದ ಫೋಟೋ ತೆಗೆದು ವಾರ್ಡಿನ ನರ್ಸಿಗೆ, ಆಯಾಗೆ, ಪಕ್ಕದ ಮಂಚದವರಿಗೆಲ್ಲ ತೋರಿಸಿದರು. ಎಲ್ಲರೂ ಫೋಟೋ ನೋಡಿದರು, ಆಮೇಲೆ ಬೇಬಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು. ಸೋಮವಾರ ದೂರು ಬರೆದಾಗ ಸಹಿ ಹಾಕಿದರು.

ಬುಧವಾರ ಐದನೇ ತಾರೀಕು ಸಬ್ ಇನ್ಸ್‌ಪೆಕ್ಟರ್ ವಾರ್ಡಿಗೆ ಬಂದರು. ಡಾಕ್ಟರಮ್ಮ ಒಂದು ಹೇಳುತ್ತಾರೆ, ಫೋಟೋ ಒಂದು ಹೇಳುತ್ತದೆ, ಫೋಟೋ ಸುಳ್ಳು ಹೇಳುವುದಿಲ್ಲವಲ್ಲ ಎಂದು ನನ್ನನ್ನು ಕೇಳಿದರು. ಫೋಟೋ ಸುಳ್ಳಲ್ಲ, ಅವಳು ಹಾಗೆಯೇ ಇದ್ದಳು, ಅದೇ ಕಾಯಿಲೆ ಎಂದು ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಇದ್ದವರಿಗೇ ತಿಳಿಯಲಿಲ್ಲ. ಮಗುವನ್ನು ಸದ್ಯ ಅಜ್ಜಿಯ ಕೈಗೆ ಕೊಟ್ಟು ಸಮಾಧಾನ ಮಾಡಿಕೊಳ್ಳಮ್ಮಾ, ಕೋರ್ಟು ಕಚೇರಿ ಯಾಕೆ ಎಂದರು. ಅಜ್ಜಿಯ ಕೈಗೆ ಕೊಟ್ಟರೆ ಬೇಬಿಗೆ ಮತ್ತೆ ಗಂಜಿ ತಿಳಿ, ಕೂವೆ ಹುಡಿ. ಅತ್ತೆ ಕೇಡಿಗೆಂದಲ್ಲ, ಪ್ರೀತಿಯಿಂದಲೇ ಕೊಡುತ್ತಾರೆ. ಮತ್ತೆ ಗುಂಡಗಾಗುತ್ತಾಳೆ, ಮತ್ತೆ ಎಲ್ಲರೂ ಸಂತೋಷಪಡುತ್ತಾರೆ. ಈ ಸಲ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅವರನ್ನು ಕರೆಸಿ ಕೇಳಬಹುದು.

ನಿನ್ನೆ ಗುರುವಾರ ಆರನೇ ತಾರೀಕು ಸಂಜೆ ನನ್ನ ಗಂಡ ಒಬ್ಬರೇ ಬಂದರು. ಮೂಸಂಬಿ ತಂದಿದ್ದರು. ಅದನ್ನು ಮಂಚದ ಕೆಳಗೆ ಇಟ್ಟರು. ಆಮೇಲೆ, ಅಪ್ಪ ಒಂದು ದಾರಿ ಹೇಳಿದ್ದಾರೆ ಎಂದರು. ಏನೆಂದು ಕೇಳಿದೆ. ತಿರುಮಲೇಶನನ್ನು ಮನೆಗೆ ಕಳಿಸು, ಬೇಬಿಯನ್ನು ನೀನೇ ಇಟ್ಟುಕೋ, ಆಸ್ಪತ್ರೆಯಲ್ಲಿ ಬೇಕಾದರೆ ಆಸ್ಪತ್ರೆಯಲ್ಲಿ, ನಿನ್ನ ಅಣ್ಣನ ಮನೆಗೆ ಬೇಕಾದರೆ ಅಲ್ಲಿಗೆ, ಮೀನೋ ಮೊಟ್ಟೆಯೋ ನಾವು ಕೇಳುವುದಿಲ್ಲ, ಸೋಮವಾರವೇ ದೂರು ಹಿಂದಕ್ಕೆ ತೆಗೆದುಕೊಳ್ತಾರೆ ಎಂದರು. ಇದು ನೀವು ಹೇಳುವುದಾ, ಅಪ್ಪ ಹೇಳುವುದಾ ಎಂದೆ. ನೀನು ಯೋಚನೆ ಮಾಡು ಎಂದು ಎದ್ದರು. ಈ ಮಾತಾಡುವಾಗ ನರ್ಸಮ್ಮ ಪಕ್ಕದಲ್ಲೇ ಇದ್ದರು.

ನಾನು ಯೋಚನೆ ಮಾಡಿದ್ದೇನೆ. ನನ್ನ ಎದೆಹಾಲು ಕುಡಿಯುತ್ತಿರುವ ಮಗುವನ್ನು ನಾನು ಕೊಡುವುದಿಲ್ಲ. ಬೇಬಿಯನ್ನೂ ಕೊಡುವುದಿಲ್ಲ. ನಾನು ಮಗುವನ್ನು ಉಪವಾಸ ಕೆಡವುವ ಹೆಂಗಸು ಎಂದು ದೂರುದಾರರು ಸೋಮವಾರ ಬರೆದುಕೊಟ್ಟರು. ಅಂಥ ಹೆಂಗಸಿನ ಹತ್ತಿರ ಹೆಣ್ಣುಮಗು ಇರಬಹುದು ಎಂದು ಗುರುವಾರ ಹೇಳಿ ಕಳಿಸಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿ ಠಾಣೆಯವರು ತೀರ್ಮಾನ ಮಾಡಬೇಕು.

ಮೇಲಿನದನ್ನು ಯಾರೂ ಹೇಳಿಕೊಡದೆ, ಯಾರ ಹೆದರಿಕೆಯೂ ಇಲ್ಲದೆ, ಬುದ್ಧಿ ನೆಟ್ಟಗಿರುವಾಗ ನನ್ನ ಕೈಯಿಂದಲೇ ಬರೆದಿದ್ದೇನೆ. ಒಂದು ಸಲ ಓದಿ ನೋಡಿದ್ದೇನೆ. ತೆಗೆದುಹಾಕುವಂಥದ್ದು ಏನೂ ಕಾಣಲಿಲ್ಲ.

ಸ್ಥಳ: ಮದ್ರಾಸು
ತಾರೀಕು: 7-9-1979, ಶುಕ್ರವಾರ
ಸಹಿ: ವಿನೋದಾ
(ಬೇಬಿ ಮತ್ತು ತಿರುಮಲೇಶ, ಇಬ್ಬರ ತಾಯಿ)